ಹೇಗೂ ಹೋಗ್ತಿದ್ದೀಯಲ್ಲ

ದರ್ಜಿ ವಾಕಿದಿ ಮಾಡಿದ ತಪ್ಪು ಒಂದೇ. ಹೊರಡುವ ದಿನ ಬೆಳಿಗ್ಗೆ ತನ್ನ ಹಳೆಯ ಕ್ಯಾನ್ವಾಸ್ ಚೀಲವನ್ನು ತೊಳೆದು ಹಿತ್ತಲಿನ ಹಗ್ಗದ ಮೇಲೆ ಒಣಹಾಕಿದ.

ಹಗ್ಗದ ಮೇಲೆ ಅಂಗಿ ನೇತಾಡಿದರೆ ಜಾವಾ ದ್ವೀಪದ ಅಂಬಾರಾವ ಊರಿನ ಬಾವಿ ಓಣಿಯಲ್ಲಿ ಯಾರೂ ತಿರುಗಿ ನೋಡುವುದಿಲ್ಲ. ಚೀಲ ನೇತಾಡಿದರೆ ಅದೊಂದು ಪ್ರಕಟಣೆ. ಬೇಲಿಯಾಚೆ, ಹುದುಗಿಸಿ ಮಾಡುವ ತೆಂಪೆ ಎಂಬ ಬಿಲ್ಲೆಗೆ ಸೋಯಾಕಾಳು ತೊಳೆಯುತ್ತಿದ್ದ ಲಾಸ್ಮಿಯ ಕೈ ನಿಂತಿತು.

"ಯಾವ ಕಡೆ, ವಾಕಿದಿಯಣ್ಣ?"

"ಎಲ್ಲೂ ಇಲ್ಲ. ಚೀಲ ವಾಸನೆ ಬರ್ತಿತ್ತು."

"ಹತ್ತು ವರ್ಷದಿಂದ ಬರ್ತಿತ್ತು. ಇವತ್ತೇ ಮೂಗಿಗೆ ಗೊತ್ತಾಯ್ತಾ?"

ವಾಕಿದಿಗೆ ಇಡೀ ಓಣಿಯವರ ಸೊಂಟದ ಅಳತೆ ಬಾಯಿಪಾಠ. ಗೊತ್ತಿಲ್ಲದಿದ್ದದ್ದು ಎರಡೇ: ಸುಳ್ಳು ಹೇಳುವುದು, 'ಆಗಲ್ಲ' ಎನ್ನುವುದು. ಎರಡು ನಿಮಿಷದೊಳಗೆ ಅವನ ಬಾಯಿಂದ ಕಾಲಿಮಂತಾನ್ ಎಂಬ ಮಾತು ಹೊರಬಿತ್ತು. ಹೊರಗಿನವರು ಬೋರ್ನಿಯೋ ಎನ್ನುವ ಆ ದೊಡ್ಡ ದ್ವೀಪಕ್ಕೆ ಅವನ ತಂಗಿ ವಾರ್ಸಿತಿ ಗಂಡನ ಜೊತೆ ಹೋಗಿ ಹತ್ತೊಂಬತ್ತು ವರ್ಷವಾಗಿತ್ತು. ಸರ್ಕಾರ ಕೊಟ್ಟ ಭೂಮಿಯಲ್ಲಿ ನೆಲೆಸಲು ಹೊರಟವರ ಹಡಗಿನ ಹತ್ತಿರ ನಿಂತು ಅವನು, "ಬರೋ ವರ್ಷ ಬರ್ತೀನಿ" ಎಂದಿದ್ದ. ಪ್ರತಿ ವರ್ಷವೂ ಶಾಲೆಯ ಸಮವಸ್ತ್ರಗಳು ಅಡ್ಡ ಬಂದವು. ಈಗ ಅವನ ಕಣ್ಣು ಮಬ್ಬಾಗುತ್ತಿತ್ತು. ಸೂಜಿಗೆ ದಾರ ಪೋಣಿಸಲು ಹೆಂಡತಿ ತುಮಿರಾಳನ್ನು ಕರೆಯಬೇಕಾಗಿತ್ತು. ತಂಗಿಯ ಮುಖ ಸರಿಯಾಗಿ ಕಾಣುವಾಗಲೇ ಒಮ್ಮೆ ನೋಡಬೇಕೆಂಬುದು ಅವನ ಆಸೆ.

ಎರಡು ತಿಂಗಳಿಂದ ಟಿಕೆಟ್ಟನ್ನು ಹೊಲಿಗೆ ಯಂತ್ರದ ಡ್ರಾಯರಿನಲ್ಲಿ ಗುಂಡಿಗಳ ಕೆಳಗೆ ಬಚ್ಚಿಟ್ಟಿದ್ದ. ತಂಗಿಗೂ ಹೇಳಿರಲಿಲ್ಲ. ಅಲ್ಲಿ ಅವಳ ಪಕ್ಕದ ಮನೆಯಲ್ಲೇ ಲಾಸ್ಮಿಯ ನಾದಿನಿ ಇದ್ದಳು. ಅಲ್ಲಿ ಬಾಯಿಬಿಟ್ಟರೆ ಇಲ್ಲಿ ಕೇಳಿಸುತ್ತಿತ್ತು.

"ಹೇಗೂ ಹೋಗ್ತಿದ್ದೀಯಲ್ಲ," ಎಂದಳು ಲಾಸ್ಮಿ. "ನಮ್ಮ ನಾದಿನಿಗೆ ಸ್ವಲ್ಪ ತೆಂಪೆ."

ಅವಳು ಬಾಳೆಲೆಯಲ್ಲಿ ಕಟ್ಟಿ ತಂದದ್ದು ನಲವತ್ತು ಪೊಟ್ಟಣ. ಕಾಳು ಇನ್ನೂ ಹುದುಗಿರಲಿಲ್ಲ.

"ದಡ ಮುಟ್ಟೋ ಹೊತ್ತಿಗೆ ಸರಿಯಾಗಿ ಹದ ಬಂದಿರುತ್ತೆ. ಆಗಾಗ ಬಿಚ್ಚಿ ಗಾಳಿ ಆಡಿಸು. ರಾತ್ರಿ ಪಕ್ಕದಲ್ಲಿ ಮಲಗಿಸ್ಕೋ, ಮೈ ಬೆಚ್ಚಗಿರ್ಬೇಕು ಅದಕ್ಕೆ."

"ಆಗ್ಲಿ," ಎಂದ ವಾಕಿದಿ. ಚೀಲಕ್ಕೆಂದು ಮಡಿಸಿಟ್ಟಿದ್ದ ತನ್ನ ಎರಡು ಅಂಗಿ ಪಕ್ಕಕ್ಕೆ ಸರಿಸಿದ.

ಸುದ್ದಿ ಓಣಿಯಲ್ಲಿ ಸೀಮೆಎಣ್ಣೆಯಂತೆ ಹರಡಿತು. ಒಂಬತ್ತಕ್ಕೆ ಓಣಿಯ ಮುಖ್ಯಸ್ಥ ದಾರ್ಸೊನೊ ಟೋಪಿ ಸರಿಮಾಡಿಕೊಳ್ಳುತ್ತ ಬಂದ. ಅವನ ಮುಖದಲ್ಲಿ ನೋವಿತ್ತು.

"ಸಮುದ್ರ ದಾಟೋರು ಓಣಿಗೆ ಒಂದು ತುತ್ತು ಊಟ ಹಾಕ್ದೆ, ಒಂದು ಪ್ರಾರ್ಥನೆ ಮಾಡಿಸ್ದೆ ಹೋಗೋದಾ? ನಾಳೆ ನೀನು ಮುಳುಗಿದ್ರೆ ಹೆಸರು ಕೆಡೋದು ಯಾರ್ದು? ಓಣೀದು."

"ಗಾಡಿ ಮೂರು ಗಂಟೆಗೆ ಬರುತ್ತೆ, ದಾರ್ಸೊನೊಣ್ಣ."

"ಹನ್ನೆರಡಕ್ಕೆ ಉಣ್ಣೋಣ ಬಿಡು. ಜಾಸ್ತಿ ಜನ ಇಲ್ಲ, ಮೂವತ್ತು."

ತುಮಿರಾ ಗಂಡನ ಕಡೆ ನೋಡಿದಳು. "ಚೀಲ ಒಳಗೆ ಒಣಗಿಸು ಅಂದಿದ್ದೆ," ಎಂದಷ್ಟೇ ಹೇಳಿ ಅರಿಸಿನ ಕುಟ್ಟಲು ಕೂತಳು.

ಹನ್ನೆರಡಕ್ಕೆ ಮೂವತ್ತು ಜನ ಚಾಪೆಯ ಮೇಲೆ ಕೂತರು. ನಡುವೆ ಹಳದಿ ಅನ್ನದ ಗೋಪುರ. ದಾರ್ಸೊನೊ ಕಣ್ಣು ಮುಚ್ಚಿ ದೇವರಿಗೆ ವಾಕಿದಿಯ ಹೆಸರು, ಮನೆ ಸಂಖ್ಯೆ, ಹಡಗಿನ ಹೆಸರು, ಹೊರಡುವ ವೇಳೆ ಎಲ್ಲವನ್ನೂ ತಿಳಿಸಿದ. ಮೂವತ್ತು ಬಾಯಿ "ಆಮೀನ್" ಎಂದವು. ಅನ್ನ ಮುಗಿದ ಮೇಲೆ ಅವನು ಹೊರಗೆ ಹೋಗಿ, ಪಂಜರದಲ್ಲಿದ್ದ ಒಂದು ಗಂಭೀರವಾದ ಬೆಳವಕ್ಕಿಯನ್ನು ಎತ್ತಿ ತಂದ.

"ಪೊಂತಿಯಾನಾಕಲ್ಲಿರೋ ನನ್ನ ಷಡ್ಡಕನಿಗೆ ಇದು. ಹೇಗೂ ಹೋಗ್ತಿದ್ದೀಯಲ್ಲ. ದಿನಕ್ಕೆ ಎರಡು ಸಲ ಶಿಳ್ಳೆ ಹಾಕು. ಇಲ್ಲಾಂದ್ರೆ ಮನಸ್ಸಿಗೆ ಹಚ್ಕೊಳ್ಳುತ್ತೆ."

ಕೊನೆಗೆ ಬಂದವಳು ಕೆರ್ತೊ ಅಜ್ಜಿ. ಅವಳ ಹಿಂದೆ ಇಬ್ಬರು ಒಂದು ಮೂಟೆ ಹೊತ್ತಿದ್ದರು. ಒಳಗಿದ್ದದ್ದು ಸಂಬಲ್ ಚಟ್ನಿ ಅರೆಯುವ ಕಲ್ಲು.

"ಅಲ್ಲಿ ಕಲ್ಲೇ ಇಲ್ವಂತೆ ಕಣೋ, ಬರೀ ಕೆಸರು. ನನ್ನ ಮೊಮ್ಮಗಳು ಮೆಣಸಿನಕಾಯಿನ ಮಿಕ್ಸೀಲಿ ಹಾಕ್ತಾಳಂತೆ," ಎಂದು ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡಳು, ಮೊಮ್ಮಗಳು ಜೈಲಿನಲ್ಲಿರುವಳೋ ಎಂಬಂತೆ. "ಸಮಾರಿಂದಾದಲ್ಲಿದಾಳೆ."

ವಾಕಿದಿ ಗೋಡೆಯ ಕ್ಯಾಲೆಂಡರಿನ ನಕ್ಷೆಯ ಮೇಲೆ ಅಳತೆಪಟ್ಟಿ ಇಟ್ಟು ನೋಡಿದ. ಜಾವಾ ಒಂದು ತೋಳಿನ ಪಟ್ಟಿಯಷ್ಟಿತ್ತು. ಕಾಲಿಮಂತಾನ್ ದಪ್ಪ ಮನುಷ್ಯನ ಇಡೀ ಬೆನ್ನು. ತಂಗಿ ಇದ್ದದ್ದು ಕೆಳಗೆ ಸೊಂಟದ ಹತ್ತಿರ, ಕುಮಾಯ್ ಬಂದರಿನ ಬಳಿ. ಪೊಂತಿಯಾನಾಕ್ ಎಡ ಕಂಕುಳಲ್ಲಿ, ಸಮಾರಿಂದಾ ಬಲ ಪಕ್ಕೆಯಲ್ಲಿ.

"ಅಜ್ಜಿ, ಇದು ತುಂಬಾ ದೂರ."

"ಎಲ್ಲಾ ಕಾಲಿಮಂತಾನೇ ಅಲ್ವೇನೋ? ನೀನು ಸ್ವಲ್ಪ ಆ ಕಡೆ ಹೋಗು, ಅವಳು ಸ್ವಲ್ಪ ಈ ಕಡೆ ಬರ್ತಾಳೆ."

"ಆಗ್ಲಿ," ಎಂದ ವಾಕಿದಿ.

ಕಲ್ಲು ಚೀಲದೊಳಗೆ ಇಳಿಯಬೇಕಾದರೆ ಉಳಿದದ್ದೆಲ್ಲ ಹೊರಬರಬೇಕಿತ್ತು. ಲುಂಗಿ ಬಂತು, ಟವೆಲ್ ಬಂತು, ಕೊನೆಗೆ ಕಾಗದದಲ್ಲಿ ಸುತ್ತಿದ ನೀಲಿ ಕುಪ್ಪಸ. ತಂಗಿಗೆಂದು ಅವನು ಹಬ್ಬದ ಬಟ್ಟೆಯಲ್ಲಿ ಹೊಲಿದದ್ದು. ಹತ್ತೊಂಬತ್ತು ವರ್ಷದ ಹಿಂದಿನ ಅಳತೆ, ಪುಸ್ತಕ ನೋಡದೆ ನೆನಪಿನಿಂದಲೇ. ಅದನ್ನು ಮಾತ್ರ ಅವನು ಮೂರು ಸಲ ಒಳಗೆ ತುರುಕಿದ. ಕಲ್ಲು ಮೂರು ಸಲವೂ ಹೊರಗೆ ತಳ್ಳಿತು. ನಾಲ್ಕನೆಯ ಸಲ ಕುಪ್ಪಸವನ್ನು ಕುರ್ಚಿಯ ಮೇಲಿಟ್ಟು, ಎದೆಗವಚಿಕೊಂಡೇ ಹೋಗುವುದೆಂದು ತೀರ್ಮಾನಿಸಿದ. ಅಂಗಿಗಳನ್ನು ಒಂದರ ಮೇಲೊಂದರಂತೆ ಮೂರು ತೊಟ್ಟುಕೊಂಡ. ಬಿಸಿಲಿಗೆ ಅವನೂ ತೆಂಪೆಯಂತೆ ಹುದುಗತೊಡಗಿದ.

ಎರಡೂ ಮುಕ್ಕಾಲಿಗೆ ಓಣಿಯ ತುದಿಯಲ್ಲಿ ಬಾಡಿಗೆ ಬೈಕೊಂದು ನಿಂತಿತು. ಹಿಂದಿನಿಂದ ಇಳಿದ ಹೆಂಗಸು ಸಣ್ಣ ಕೈಚೀಲ ತೂಗಾಡಿಸುತ್ತ ನಡೆದು ಬಂದಳು. ವಾಕಿದಿ ಕಣ್ಣು ಕಿರಿದು ಮಾಡಿದ. ನಡಿಗೆ ಸತ್ತುಹೋದ ಅಮ್ಮನದು. ಮುಖ ಹತ್ತಿರ ಬರುವ ತನಕ ಅವನಿಗೆ ತಿಳಿಯಲಿಲ್ಲ.

"ಏನಣ್ಣ, ಇಷ್ಟು ದಪ್ಪ ಆಗಿದ್ದೀಯಾ?"

ವಾರ್ಸಿತಿ.

ವಾಕಿದಿ ಮೂರು ಅಂಗಿಯೊಳಗೆ ನಿಂತು ಅತ್ತ. ಓಣಿಯೂ ಅತ್ತಿತು. ತುಮಿರಾ ನೀರು ತರುವುದನ್ನು ಮರೆತು ಬರೀ ಲೋಟ ತಂದಳು.

"ಒಂದು ಮಾತು ಹೇಳೋದಲ್ವೇನೇ?"

"ಹೇಳಿದ್ರೆ ಪಕ್ಕದ ಮನೆಯೋಳು ಒಂದು ಮೂಟೆ ಹೊರಿಸ್ತಿದ್ಲು," ಎಂದಳು ವಾರ್ಸಿತಿ. ಲಾಸ್ಮಿ ಅಲ್ಲೇ ನಿಂತಿರುವುದು ಅವಳಿಗೆ ಆಮೇಲೆ ಕಂಡಿತು.

"ಅಂದ್ರೆ ನಮ್ಮ ನಾದಿನಿ ಏನೂ ಕಳಿಸಿಲ್ಲ," ಎಂದಳು ಲಾಸ್ಮಿ ತಣ್ಣಗೆ.

ವಾಕಿದಿ ಕುಪ್ಪಸ ತಂದು ತಂಗಿಯ ಹೆಗಲಿಗೆ ಹಿಡಿದ. ಎದೆಯ ಹತ್ತಿರ ನಾಲ್ಕು ಬೆರಳು ಸಾಲಲಿಲ್ಲ. ಓಣಿಯಲ್ಲಿ ಅವನ ಅಳತೆ ತಪ್ಪಿದ್ದು ಅದೇ ಮೊದಲು.

"ಬಿಚ್ಚಿ ಹೊಲಿದರಾಯ್ತು, ಎರಡೇ ದಿನ," ಎಂದು ಅವನು ಸಂತೋಷದಿಂದ ಮೊದಲನೆಯ ಅಂಗಿ ಕಳಚತೊಡಗಿದ. "ಇನ್ನೆಲ್ಲಿಗೆ ಹೋಗೋದು ನಾನು."

ಬೆಳವಕ್ಕಿ ಒಮ್ಮೆ ಕೂಗಿತು. ದಾರ್ಸೊನೊ ಗಂಟಲು ಸರಿಮಾಡಿಕೊಂಡ.

"ಮೂವತ್ತು ಜನ ಅನ್ನ ಉಂಡು ದೇವರ ಹತ್ರ ಹೇಳಾಗಿದೆ, ವಾಕಿದಿ ಹೊರಟ ಅಂತ."

"ನನ್ನ ತೆಂಪೆ ಹುದುಗಕ್ಕೆ ಶುರುವಾಗಿದೆ," ಎಂದಳು ಲಾಸ್ಮಿ.

ಅಜ್ಜಿ ಕಲ್ಲನ್ನು ನೋಡಿದಳು, ಅಷ್ಟೇ.

ವಾಕಿದಿ ಆಸೆಯಿಂದ ತಂಗಿಯ ಕಡೆ ತಿರುಗಿದ. ವಾರ್ಸಿತಿ ಕೈಚೀಲದಲ್ಲಿ ಏನೋ ತಡಕುತ್ತಿದ್ದಳು. ಅವಳ ಮುಖ ಬಿಳುಚಿತು. ಒಂದು ದೊಡ್ಡ ಕಬ್ಬಿಣದ ಬೀಗದಕೈ ಹೊರತೆಗೆದಳು.

"ಅಯ್ಯೋ, ಇದನ್ನ ಲಾಸ್ಮಿ ನಾದಿನಿ ಹತ್ರ ಕೊಟ್ಟು ಬರಬೇಕಿತ್ತು. ಕದ್ದು ಬರೋ ಗಡಿಬಿಡೀಲಿ ಜೊತೇಲೇ ಬಂದಿದೆ. ನಮ್ಮವರು ಶನಿವಾರ ಎಣ್ಣೆತಾಳೆ ತೋಟದಿಂದ ಬರ್ತಾರೆ. ಬೀಗ ಒಡೆಯೋ ಪೈಕಿ ಅಲ್ಲ ಅವರು. ನಾನು ಬರೋ ತನಕ ಜಗಲೀಲೇ ಕೂತಿರ್ತಾರೆ, ಮಳೇಲಿ."

"ನೀನು..."

"ಎರಡು ದಿನ ವಾಂತಿ ಮಾಡ್ಕೊಂಡು ಬಂದಿದೀನಣ್ಣ. ಇವತ್ತೇ ಮತ್ತೆ ಹಡಗು ಅಂದ್ರೆ ಸತ್ತೇ ಹೋಗ್ತೀನಿ. ನನ್ನ ವಾಪಸು ಟಿಕೆಟ್ ಸೋಮವಾರಕ್ಕೆ." ಅವಳು ಬೀಗದಕೈಯನ್ನು ಅವನ ಅಂಗೈಯಲ್ಲಿಟ್ಟು ಬೆರಳು ಮಡಿಸಿದಳು. "ಹೇಗೂ ಹೋಗ್ತಿದ್ದೀಯಲ್ಲ."

ವಾಕಿದಿಯ ವಾಪಸು ಹಡಗೂ ಸೋಮವಾರವೇ ಆ ದಡದಿಂದ ಹೊರಡುತ್ತಿತ್ತು. ಗುರುವಾರ ಶಾಲೆ ತೆರೆಯುವುದರೊಳಗೆ ಅರವತ್ತು ಚಡ್ಡಿ ಹೊಲಿಯಬೇಕಿತ್ತು. ಅವನು ಬಾಯಿ ತೆರೆದ. ಬಂದದ್ದು "ಆಗ್ಲಿ."

ಗಾಡಿ ಹಾರ್ನ್ ಹೊಡೆಯಿತು. ತೊಡೆಯ ಮೇಲೆ ಪಂಜರ, ಪಕ್ಕದಲ್ಲಿ ತೆಂಪೆ, ಕಾಲಿನ ಮೇಲೆ ಕಲ್ಲು. ಬಾಗಿಲು ಮುಚ್ಚುವುದೇ ಕಷ್ಟವಾಯಿತು. ವಾರ್ಸಿತಿ ಕಿಟಕಿಯ ಹತ್ತಿರ ಬಂದು ಅವನ ಬೆವರು ಒರೆಸಿದಳು. ಅವನು ಆ ಮುಖವನ್ನು ದಾರ ಪೋಣಿಸುವವನಂತೆ ಕಣ್ಣು ಕಿರಿದು ಮಾಡಿ ನೋಡಿದ.

"ಮಂಗಳವಾರ ನಡುಸಮುದ್ರದಲ್ಲಿ ನಿನ್ನ ಹಡಗು ಎದುರಾದ್ರೆ ಬಲಗಡೆ ನಿಂತ್ಕೊಂಡಿರು," ಎಂದಳು ಅವಳು. "ನಾನೂ ನಿಂತಿರ್ತೀನಿ."

ಗಾಡಿ ಹೊರಟಿತು. ಹತ್ತು ಮಾರು ಹೋದ ಮೇಲೆ ವಾಕಿದಿಗೆ ಏನೋ ಹೊಳೆದು, ತಲೆ ಹೊರಗೆ ಹಾಕಿ ಕೂಗಿದ.

"ವಾರ್ಸಿತಿ, ಅಲ್ಲಿ ನೀನು ಚೀಲ ಎಲ್ಲಿ ಒಣಗಿಸ್ದೆ?"

"ತೊಳೆದಿದ್ರೆ ತಾನೆ ಒಣಗಿಸೋದು," ಎಂದು ಅವಳು ಕೈ ಬೀಸಿದಳು.