ದೊಡ್ಡಮ್ಮನ ತೂಕ, ದೊಡ್ಡಪ್ಪನ ಪಥ್ಯ

ನಮ್ಮ ದೊಡ್ಡಪ್ಪ ಮಾಡದ ಡಯಟ್ ಇರಲಿಲ್ಲ. ಹಾಗಂತ ಅವರನ್ನು ದಪ್ಪ ಮನುಷ್ಯ ಎಂದುಕೊಂಡೀರಿ! ಅಂಗಿ ತೆಗೆದು ನಿಂತರೆ ಪಕ್ಕೆಲುಬು ಎಣಿಸಬಹುದಿತ್ತು. ಮದುವೆಗೆ ಹೊಲಿಸಿದ ಕೋಟು ಮುದುಕರಾದರೂ ಅವರಿಗೆ ದೊಗಲೆಯೇ. ಅಂಥವರು ಎಪ್ಪತ್ತರ ದಶಕದ ಕೊನೆಯಲ್ಲಿ, ಅಜ್ಜಂಪುರದಂಥ ಊರಿನಲ್ಲಿ, ತೂಕ ಇಳಿಸಲು ಟೊಂಕ ಕಟ್ಟಿ ನಿಂತರೆ ಜನ ನಗದೆ ಇರುತ್ತಾರೆಯೇ?

ಇಳಿಯಬೇಕಾಗಿದ್ದದ್ದು ದೊಡ್ಡಮ್ಮನ ತೂಕ. ಅವರಿಗೆ ಹೊಕ್ಕುಳ ಬಳಿ ಹರ್ನಿಯಾ ಆಗಿತ್ತು. ಬಗ್ಗಿದರೆ ನೋವು, ಕೆಮ್ಮಿದರೆ ನೋವು. ನಾನು ಆಗ ತರೀಕೆರೆಯಲ್ಲಿ ಟೀಚರ್ ಆಗಿದ್ದೆ. ಅಲ್ಲಿಯ ಡಾಕ್ಟರಿಗೆ ತೋರಿಸಿದೆವು. “ಈ ತೂಕದಲ್ಲಿ ಆಪರೇಷನ್ ಅಂತ ಮತ್ತಿನ ಮದ್ದು ಕೊಟ್ರೆ ಮತ್ತೆ ಎಚ್ಚರ ಆಗುತ್ತೆ ಅಂತ ನಾನು ಹೇಳಲಾರೆ. ಇಳಿಸ್ಕೊಂಡು ಬನ್ನಿ. ಬಹಳ ದಿನ ಬಿಡಲೂಬೇಡಿ, ಕರುಳು ಸಿಕ್ಕಿಹಾಕ್ಕೊಂಡ್ರೆ ಕಷ್ಟ” ಎಂದರು ಅವರು.

ಸುದ್ದಿ ಹಬ್ಬಿದ್ದೇ ತಡ, ಊರಿಗೆ ಊರೇ ವೈದ್ಯಕ್ಕೆ ನಿಂತಿತು. ಒಬ್ಬರು ಬರೀ ಪರಂಗಿಹಣ್ಣು ಅಂದರು, ಇನ್ನೊಬ್ಬರು ನಿಂಬೆರಸಕ್ಕೆ ಜೇನುತುಪ್ಪ ಅಂದರು. ಪ್ರತಿಯೊಬ್ಬರಿಗೂ ಅದರಿಂದ ಸಣ್ಣಗಾದ ಒಬ್ಬ ನೆಂಟ ಇದ್ದೇ ಇದ್ದ. ದೊಡ್ಡಪ್ಪನದು ಈರುಳ್ಳಿ ಮಂಡಿ. ಚೀಲದ ತಳಕ್ಕೆ ಕೈ ಹಾಕಿ ನೋಡದೆ ಮಾಲು ಕೊಂಡವರಲ್ಲ. ಬಂದವರಿಗೆಲ್ಲ ಅವರದು ಒಂದೇ ಪ್ರಶ್ನೆ: “ತಿಂದು ಸಣ್ಣಗಾದೋರ ಹೆಸ್ರು ಹೇಳಿದ್ರಿ, ಸರಿ. ತಿಂದು ಕೆಟ್ಟೋರು ಯಾರವ್ರೆ?” ಇದನ್ನು ಕೇಳಿದವರು ಕಾಫಿ ಲೋಟ ಕೆಳಗಿಟ್ಟು ಎದ್ದು ಹೋಗುತ್ತಿದ್ದರು. ಯೋಚಿಸಿದರೆ ನಿಜವೇ. ಸಣ್ಣಗಾದವರು ಊರೆಲ್ಲ ಹೇಳಿಕೊಂಡು ತಿರುಗುತ್ತಾರೆ, ಕೆಟ್ಟವರು ಮನೆಯಲ್ಲಿ ಸುಮ್ಮನೆ ಮಲಗಿರುತ್ತಾರೆ.

“ಹಂಗಾದ್ರೆ ಅವಳಿಗೆ ಕೊಡೋಕ್ ಮುಂಚೆ ನಾನೇ ತಿಂದ್ ನೋಡ್ತೀನಿ” ಎಂದುಬಿಟ್ಟರು ದೊಡ್ಡಪ್ಪ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಅಂತಾರಲ್ಲ, ನಮ್ಮ ಮನೆಯಲ್ಲಿ ಎಮ್ಮೆ ತಾನಾಗಿಯೇ ಹೋಗಿ ಬರೆ ಹಾಕಿಸಿಕೊಂಡಿತು.

ಮೊದಲು ಎದುರುಮನೆ ಅಜ್ಜಿಯ ಹುರುಳಿ ಕಟ್ಟು. ಮೂರು ಹೊತ್ತೂ ಅದೇ. ಹುರುಳಿ ಮೊದಲೇ ಉಷ್ಣ, ಒಂದು ವಾರದಲ್ಲಿ ದೊಡ್ಡಪ್ಪನ ಬಾಯಿ ತುಂಬ ಹುಣ್ಣು. ಲಾಭವೇ ಇರಲಿಲ್ಲ ಅನ್ನುವ ಹಾಗಿಲ್ಲ. ಆ ವಾರ ಮಂಡಿಯಲ್ಲಿ ಯಾರಿಗೂ ಬೈಗುಳ ಬೀಳಲಿಲ್ಲ.

ಆಮೇಲಿನದು ನಾನೇ ವಾರಪತ್ರಿಕೆಯಲ್ಲಿ ಓದಿ ಹೇಳಿದ ಡಯಟ್. ಅದರಲ್ಲಿ ಹೊತ್ತಿಗೆ ಎರಡು ಬೇಯಿಸಿದ ಮೊಟ್ಟೆ. ಲಿಂಗ ಕಟ್ಟಿದ ಮನೆಯಲ್ಲಿ ಮೊಟ್ಟೆ ಎಲ್ಲಿಂದ ಬರಬೇಕು? ದೊಡ್ಡಪ್ಪ ಬಹಳ ಯೋಚಿಸಿ, “ಗಾತ್ರ ಒಂದೇ ಅಲ್ವೇನವ್ವಾ?” ಎಂದು ಎರಡೆರಡು ಆಲೂಗೆಡ್ಡೆ ಬೇಯಿಸಿಕೊಂಡು ತಿಂದರು. ಅವರ ಹೊಟ್ಟೆಯ ಗುಡುಗು ಪಡಸಾಲೆಯಲ್ಲಿ ಕೂತವರಿಗೆಲ್ಲ ಕೇಳಿಸುತ್ತಿತ್ತು.

ಹೀಗೇ ಒಂದೆರಡು ತಿಂಗಳು ಕಳೆದು ದೊಡ್ಡಪ್ಪ ದೊಡ್ಡಮ್ಮ ಮತ್ತೆ ತರೀಕೆರೆಯ ಡಾಕ್ಟರ ಬಳಿಗೆ ಬಂದರು. ಬಾಗಿಲಲ್ಲಿದ್ದ ಕಾಂಪೌಂಡರ್ ಇಬ್ಬರನ್ನೂ ನೋಡಿದ. ದೊಡ್ಡಪ್ಪನ ರಟ್ಟೆ ಹಿಡಿದು, “ಮೆತ್ತಗೆ ಬನ್ನಿ ಯಜಮಾನ್ರೇ” ಎಂದು ಒಳಗೆ ಕರೆದೊಯ್ದು ಮಂಚದ ಮೇಲೆ ಮಲಗಿಸಿಬಿಟ್ಟ. ದೊಡ್ಡಮ್ಮನ ತೂಕ ನೋಡಿದರೆ ಇನ್ನಷ್ಟು ಏರಿತ್ತು.

ಇದು ಹೇಗಾಯಿತು? ಮುಂದಿನ ಭಾನುವಾರ ಅಜ್ಜಂಪುರಕ್ಕೆ ಹೋದಾಗ ಗೊತ್ತಾಯಿತು. ಗಂಡ ಏನೇ ಪಥ್ಯ ಹಿಡಿಯಲಿ, ದೊಡ್ಡಮ್ಮ ಮಾತ್ರ ಎಂದಿನಂತೆ ರೊಟ್ಟಿ, ಪಲ್ಯ, ಅನ್ನ, ಸಾರು ಬಡಿಸಿ ಮುಂದಿಡುತ್ತಿದ್ದರು. ದೊಡ್ಡಪ್ಪ ಮುಟ್ಟದೆ ಏಳುತ್ತಿದ್ದರು. ಅಡುಗೆಮನೆಯಲ್ಲಿ ದೊಡ್ಡಮ್ಮ ತಮ್ಮ ಊಟ ಮುಗಿಸಿ ಆ ತಟ್ಟೆ ಎಳೆದುಕೊಂಡಿದ್ದನ್ನು ನಾನೇ ಕಂಡೆ.

“ಇದೇನ್ ದೊಡ್ಡವ್ವಾ?”

“ಪ್ರಸಾದ ಕಣವ್ವಾ. ಚೆಲ್ಲಕ್ಕಾಯ್ತದಾ?”

ದೊಡ್ಡಪ್ಪನಿಗೆ ಹೇಳಿದೆ. ಅವರು ನಗಲಿಲ್ಲ. ದಿನ ಕಳೆಯುತ್ತಿದೆ, ನೋವು ಹೆಚ್ಚುತ್ತಿದೆ ಎಂಬ ಹೆದರಿಕೆ ಅವರಿಗೆ. ಬೀರೂರಿಗೆ ಹೋದವರು ಒಂದು ಶೀಶೆ ಮಾತ್ರೆ ತಂದರು. ರೈಲಿನಲ್ಲಿ ಪರಿಚಯವಾದವರೊಬ್ಬರು ಕೊಡಿಸಿದ್ದಂತೆ. ತಿಂದರೆ ಹಸಿವೇ ಆಗುವುದಿಲ್ಲವಂತೆ.

ಅದನ್ನೂ ಮೊದಲು ತಾವೇ ನುಂಗಿದರು. ಮಾತ್ರೆ ಸುಳ್ಳು ಹೇಳಲಿಲ್ಲ. ಹಸಿವು ಹೋಯಿತು, ಅದರ ಜೊತೆಗೆ ನಿದ್ದೆಯೂ ಹೋಯಿತು. ದೊಡ್ಡಪ್ಪ ನಸುಕಿಗೇ ಮಂಡಿ ಬಾಗಿಲು ತೆಗೆದು, ಕಟ್ಟಿಟ್ಟ ಚೀಲಗಳನ್ನೆಲ್ಲ ಬಿಚ್ಚಿಸಿ ಮತ್ತೆ ಕಟ್ಟಿಸಿದರು. ರೈತರು ಒಂದು ಮಾತು ಕೇಳಿದರೆ ಹತ್ತು ಮಾತು ಹೇಳಿದರು. “ಒಳ್ಳೇ ಮಾಲು ಕಣವ್ವ ಇದು” ಎಂದು ರಜೆಗೆ ಬಂದಿದ್ದ ನನ್ನ ಬಳಿಯೂ ಮಾತ್ರೆಯನ್ನು ಹೊಗಳಿದರು. ಅದಾದ ಮರುದಿನವೇ ಅವರ ಎದೆ ಡವಡವ ಹೊಡೆದುಕೊಂಡಿತು, ಮೈಯೆಲ್ಲ ಬೆವರಿ ಅವರು ತೂಕದ ಹಲಗೆಯ ಮೇಲೆಯೇ ಕುಸಿದು ಕೂತರು. ಮಂಡಿಯ ಆಳು ಮನೆಗೆ ಓಡಿಬಂದ. ಎಂದೂ ಮಂಡಿಯ ಮೆಟ್ಟಿಲು ಹತ್ತದ ದೊಡ್ಡಮ್ಮ ಹೊಟ್ಟೆ ಹಿಡಿದುಕೊಂಡೇ ನಡೆದರು. ಹಿಂದೆ ನಾನು.

“ಇದನ್ನ ನೀನ್ ತಿಂದಿದ್ರೆ ಏನ್ ಗತಿ ಆಗ್ತಿತ್ತು ಕಣೇ” ಎಂದರು ದೊಡ್ಡಪ್ಪ, ಹಲ್ಲು ಕಟಕಟಿಸುತ್ತ.

ದೊಡ್ಡಮ್ಮ ಸೆರಗಿನಿಂದ ಅವರ ಹಣೆ ಒರೆಸಿದರು. “ನಿಮ್ಗೇನಾರ ಆಗಿದ್ರೆ ನಾನು ಸಣ್ಣಗಾಗಿ ಯಾರಿಗೆ ತೋರಿಸ್ಲಿ?” ಎಂದರು. ಆಮೇಲೆ ಗಟ್ಟಿಯಾಗಿ, “ಇವತ್ತಿಂದ ನೀವು ಹೊಟ್ಟೆ ತುಂಬ ಉಣ್ಣಿ, ತಟ್ಟೇಲಿ ಒಂದಗುಳೂ ಬಿಡಬೇಡಿ. ನಾನು ಅರ್ಧ ಹೊಟ್ಟೆ ಉಣ್ತೀನಿ. ಆಯ್ತಾ?” ಎಂದರು.

ಮಾತ್ರೆ ಚರಂಡಿ ಸೇರಿತು. ದೊಡ್ಡಪ್ಪನ ಎದೆಬಡಿತ ಹತೋಟಿಗೆ ಬರಲು ಡಾಕ್ಟರ ಮದ್ದೂ ವಾರಗಟ್ಟಲೆ ವಿಶ್ರಾಂತಿಯೂ ಬೇಕಾದವು. ಅವರು ಕೊಟ್ಟ ಊಟದ ಕ್ರಮವನ್ನು ದೊಡ್ಡಮ್ಮ ಬಿಡದೆ ನಡೆಸಿದರು. ಯಾವ ನೆಂಟನ ಹೆಸರೂ ಇಲ್ಲದ, ಹೇಳಿಕೊಳ್ಳಲು ಸೊಗಸೇ ಇಲ್ಲದ ಡಯಟ್ಟು ಅದು. ತೂಕ ಬಹಳ ನಿಧಾನವಾಗಿ ಇಳಿಯಿತು. ಡಾಕ್ಟರು ಕೊನೆಗೂ ಹೂಂ ಅಂದರು.

ಆಪರೇಷನ್ ದಿನ ಬೆಳಗಿನಿಂದ ನಾವು ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದೆವು. ನಾನು ತಂದ ಇಡ್ಲಿ ಹಾಗೇ ಇತ್ತು.

“ಮತ್ಯಾವ ಪಥ್ಯ ದೊಡ್ಡಪ್ಪಾ ಇದು?” ಎಂದೆ, ನಗಿಸಲೆಂದು.

“ಪಥ್ಯ ಅಲ್ಲ ಕಣವ್ವ. ಗಂಟಲಲ್ಲಿ ಇಳೀತಿಲ್ಲ.” ಬಾಗಿಲ ಕಡೆ ನೋಡುತ್ತಲೇ ಹೇಳಿದರು: “ದಪ್ಪಗೋ ಸಣ್ಣಗೋ, ಇದ್ರೆ ಸಾಕು.”

ಸಂಜೆಗೆ ನಮ್ಮನ್ನು ಒಳಗೆ ಬಿಟ್ಟರು. ದೊಡ್ಡಮ್ಮ ಕಣ್ಣು ಬಿಟ್ಟು ಗಂಡನನ್ನು ಗುರುತು ಹಿಡಿಯಲು ಸ್ವಲ್ಪ ಹೊತ್ತಾಯಿತು. ಒಣಗಿದ ತುಟಿ ಅಲ್ಲಾಡಿಸಿ, “ಊಟ ಆಯ್ತೇನ್ರೀ?” ಎಂದರು.

ಬೆಳಗಿನಿಂದ ಒಂದು ಲೋಟ ಕಾಫಿಯನ್ನೂ ಕುಡಿಯದಿದ್ದ ದೊಡ್ಡಪ್ಪ ಅವರ ಕೈ ಹಿಡಿದುಕೊಂಡು, “ಆಯ್ತು ಕಣೇ, ಹೊಟ್ಟೆ ತುಂಬ ಉಂಡೆ” ಅಂದರು.