ಬೇರೆ ಬಿಲ್ಲು ತೋರಿಸಿ

ಭಾನುವಾರ ಬೆಳಿಗ್ಗೆ ಹನ್ನೊಂದೂಕಾಲಿಗೆ ಮಲ್ಲೇಶ್ವರದ ಒಂದು ಅಡ್ಡರಸ್ತೆಯಲ್ಲಿ ನೀರಿನ ಪೈಪು ಹುಡುಕುತ್ತಿದ್ದವರ ಗುದ್ದಲಿಗೆ ಇಂಟರ್ನೆಟ್ ಕೇಬಲ್ಲು ಸಿಕ್ಕಿತು. ಸಂಪಿಗೆ ಮರದ ಬೇರಿರಬೇಕೆಂದು ಅವರು ಅದನ್ನು ಕತ್ತರಿಸಿದರು. ಅದೇ ಗಳಿಗೆಯಲ್ಲಿ ಎದುರುಮನೆಯ ಒಳಗಿನಿಂದ, "ಅಯ್ಯೋ, ನನ್ನ ಬಿಲ್ಲು!" ಎಂಬ ಕೂಗು ಕೇಳಿಸಿತು.

ಕೂಗಿದವನು ಲಕ್ಷ್ಮೀಶ. ವಯಸ್ಸು ನಲವತ್ತೇಳು, ವಿಮಾ ಕಚೇರಿಯಲ್ಲಿ ಗುಮಾಸ್ತ.

"ನಿಮ್ಮ ಬಿಲ್ಲನ್ನ ಯಾರೂ ಕದ್ಕೊಂಡ್ ಹೋಗಲ್ಲ. ಬಂದು ತಿಂಡಿ ತಿನ್ನಿ," ಎಂದಳು ಹೆಂಡತಿ ಮಧುರಾ, ಅಡುಗೆಮನೆಯಿಂದಲೇ.

ಮಧುರಾಗೆ ಗೊತ್ತಿಲ್ಲದ ಸಂಗತಿ ಒಂದಿತ್ತು. ಎರಡು ತಿಂಗಳ ಹಿಂದಿನವರೆಗೆ ಲಕ್ಷ್ಮೀಶ ಅವಳು ಕಟ್ಟಿಕೊಟ್ಟ ಡಬ್ಬಿಯನ್ನು ಹಳೆಯ ಕಡತಗಳ ಕೋಣೆಯ ಪಕ್ಕ ಒಬ್ಬನೇ ಕೂತು ತಿನ್ನುತ್ತಿದ್ದ. ಕಚೇರಿಗೆ ಹೊಸದಾಗಿ ಸೇರಿದ ಕಶ್ಯಪ್ ಮತ್ತು ಅವನ ಇಬ್ಬರು ಗೆಳೆಯರು ಕಂಪ್ಯೂಟರಿನಲ್ಲಿ ಒಂದು ಆಟ ಆಡುತ್ತಿದ್ದರು. ಕೋಟೆ, ಕಾಡು, ರಾಕ್ಷಸರು ತುಂಬಿದ ಕಲ್ಪನೆಯ ರಾಜ್ಯ. ತಂಡಕ್ಕೆ ಸರಿಯಾಗಿ ನಾಲ್ಕು ಜನ ಬೇಕು. ಅವರ ಬಿಲ್ಲುಗಾರನಿಗೆ ವರ್ಗವಾಗಿ, ಬೇರೆ ಯಾರೂ ಸಿಗದೆ, "ಸರ್, ನೀವ್ ಬರ್ತೀರಾ?" ಎಂದು ಕೇಳಿದ್ದರು. ಅಂದಿನಿಂದ ಲಕ್ಷ್ಮೀಶನ ಡಬ್ಬಿ ಅವರ ಮೇಜಿನ ಮೇಲೆ ತೆರೆದುಕೊಳ್ಳುತ್ತಿತ್ತು. ಯಾರೋ ಅವನ ಉಪ್ಪಿನಕಾಯಿಗೆ ಕೈ ಹಾಕುತ್ತಿದ್ದರು. ಅದು ಅವನಿಗೆ ಎಷ್ಟು ಸುಖವೆಂಬುದನ್ನು ಅವನು ಯಾರಿಗೂ ಹೇಳಿರಲಿಲ್ಲ.

ಆದರೆ ಹೋದ ಭಾನುವಾರ ಅವನು ಮಂಜಿನ ರಾಕ್ಷಸನಿಗೆ ಮಂಜಿನ ಬಾಣವನ್ನೇ ಬಿಟ್ಟಿದ್ದ. ಒಂದೊಂದು ಬಾಣಕ್ಕೂ ರಾಕ್ಷಸ ಹಬೆಯಲ್ಲಿಟ್ಟ ಇಡ್ಲಿಯಂತೆ ಉಬ್ಬಿ, ಕೊನೆಗೆ ನಾಲ್ವರ ಮೇಲೂ ಕೂತುಬಿಟ್ಟಿದ್ದ. ಸೋಮವಾರ ಕಶ್ಯಪ್ ಮೆಲ್ಲಗೆ ಹೇಳಿದ: "ಸರ್, ಬೇಜಾರ್ ಮಾಡ್ಕೋಬೇಡಿ. ಮುಂದಿನ ಭಾನುವಾರ ಆಯುಧಶಾಲೆ ತೆಗೀತಾರೆ. ಒಂದೇ ಒಂದು ಬಿಲ್ಲು ಆರಿಸ್ಕೋಬಹುದು, ಆಮೇಲೆ ಬದಲಾಯ್ಸೋ ಹಾಗಿಲ್ಲ. ಸರಿಯಾದ್ದು ತಗೊಳ್ಳಿ. ಈ ಸಲಾನೂ ಎಡವಟ್ಟಾದ್ರೆ ನಾವು ಬೇರೆಯವರನ್ನ ನೋಡ್ಕೋತೀವಿ."

ಆಯುಧಶಾಲೆ ಹನ್ನೆರಡಕ್ಕೆ ಮುಚ್ಚುತ್ತಿತ್ತು. ಯುದ್ಧ ನಾಲ್ಕಕ್ಕೆ. ಮೊಬೈಲಿನ ಡೇಟಾ ಬೆಳಗಿನ ಅಪ್‌ಡೇಟಿಗೇ ಮುಗಿದಿತ್ತು. ಲಕ್ಷ್ಮೀಶ ಲ್ಯಾಪ್‌ಟಾಪನ್ನು ಜ್ವರ ಬಂದ ಮಗುವನ್ನು ಎತ್ತಿಕೊಂಡಂತೆ ಎದೆಗವಚಿಕೊಂಡು ಮಹಡಿ ಹತ್ತಿದ.

ಮಹಡಿಯ ಮೇಲಿದ್ದವರು ತುಳಸಮ್ಮ. ಹೆಣ್ಣುಮಕ್ಕಳ ಶಾಲೆಯಲ್ಲಿ ಮೂವತ್ತು ವರ್ಷ ಹೊಲಿಗೆ ಕಲಿಸಿ ನಿವೃತ್ತರಾದವರು. ಅವರ ಇಂಟರ್ನೆಟ್ಟಿನ ತಂತಿ ಹಿಂದಿನ ಗಲ್ಲಿಯ ಕಂಬದಿಂದ ಬರುತ್ತಿತ್ತು.

"ಆಫೀಸ್ ಕೆಲಸ ತುಳಸಮ್ಮನೋರೆ. ಅರ್ಜೆಂಟು. ಅರ್ಧ ಗಂಟೆ ನಿಮ್ಮ ವೈಫೈ..."

"ಅದಕ್ಕೇನು, ಕೂತ್ಕೋ ಬಾ. ಕಾಫಿ ಕುಡೀತೀಯಲ್ಲ?" ಎಂದು ಅವರು ಹೊಲಿಗೆ ಯಂತ್ರದ ಮೇಲಿದ್ದ ಬಟ್ಟೆ ಸರಿಸಿ ಜಾಗ ಮಾಡಿಕೊಟ್ಟರು.

ಕಿಟಕಿಯ ಪಕ್ಕ ಚಂದ್ರಶೇಖರಯ್ಯನವರು ತುಳಸಮ್ಮನವರ ಪೇಪರು ಓದುತ್ತಿದ್ದರು. ನಿವೃತ್ತ ಎಂಜಿನಿಯರು, ಪಕ್ಕದ ಮನೆಯವರು. ತಮ್ಮ ಮನೆಗೂ ಅದೇ ಪೇಪರು ಬರುತ್ತಿದ್ದರೂ ಇಲ್ಲಿಯದು ಹೆಚ್ಚು ರುಚಿ ಎಂದು ಅವರ ನಂಬಿಕೆ. "ಭಾನುವಾರಾನೂ ಆಫೀಸ್ ಕೆಲಸ ಮಾಡ್ತೀಯಲ್ಲಯ್ಯ, ಭೇಷ್!" ಎಂದು ಅವರು ಕನ್ನಡಕವನ್ನು ಹಣೆಗೇರಿಸಿದರು.

ಲಕ್ಷ್ಮೀಶ ಲ್ಯಾಪ್‌ಟಾಪು ತೆರೆದ. ಪರದೆಯ ಮೇಲೆ, ಅಂಗಿ ತೊಡದ, ಗಡ್ಡ ಸೊಂಟದವರೆಗೆ ಇಳಿದ ಒಬ್ಬ ಮುದುಕ ಮೂರು ಬಿಲ್ಲುಗಳನ್ನು ಮುಂದಿಟ್ಟುಕೊಂಡು ನಿಂತಿದ್ದ. ಗಡಿಬಿಡಿಯಲ್ಲಿ ಇಯರ್‌ಫೋನು ಕೆಳಗೇ ಉಳಿದಿತ್ತು. ಕಶ್ಯಪನ ದನಿ ಮನೆಯೆಲ್ಲ ಮೊಳಗಿತು.

"ಸರ್! ಎಲ್ಲಿ ಹೋಗಿದ್ರಿ? ನೀಲಿ ಬಿಲ್ಲು ತಗೊಳ್ಳಿ, ನೀಲಿ! ರಾಕ್ಷಸ ಕಾಯ್ತಿದಾನೆ!"

ಚಂದ್ರಶೇಖರಯ್ಯ ಪೇಪರು ಮಡಿಸಿದರು. "ಇದು ಯಾವ ಸೆಕ್ಷನ್ನಯ್ಯ ನಿಮ್ಮಾಫೀಸಲ್ಲಿ?"

ಲಕ್ಷ್ಮೀಶ ಬೆವರುತ್ತಾ ನಿಜ ಹೇಳಿದ. ಡಬ್ಬಿಯ ವಿಷಯವನ್ನು ಬಿಟ್ಟು ಉಳಿದದ್ದನ್ನೆಲ್ಲ ಹೇಳಿದ. ಯಾರೂ ನಗಲಿಲ್ಲ. ಅದಕ್ಕಿಂತ ಅಪಾಯದ ಕೆಲಸ ನಡೆಯಿತು: ಇಬ್ಬರೂ ತಮ್ಮ ತಮ್ಮ ಕುರ್ಚಿಗಳನ್ನು ಹತ್ತಿರಕ್ಕೆ ಎಳೆದುಕೊಂಡರು.

"ನೀಲೀನಾ?" ತುಳಸಮ್ಮ ಮೂಗು ಮುರಿದರು. "ಇಷ್ಟು ಹೊಳೆಯೋ ನೀಲಿ ನಂಬಬಾರದು. ಎರಡು ಒಗೆತಕ್ಕೆ ಬಣ್ಣ ಬಿಡತ್ತೆ."

"ಬಿಲ್ಲು ಯಾರ್ರೀ ಒಗೀತಾರೆ?" ಎಂದರು ಚಂದ್ರಶೇಖರಯ್ಯ. "ಲಕ್ಷ್ಮೀಶ, ಆ ಕೊಂಬಿನ ಬಿಲ್ಲು ತಗೋ. ದಪ್ಪ ನೋಡು, ಸೇತುವೆ ತೊಲೆ ಇದ್ದ ಹಾಗಿದೆ. ನೂರು ವರ್ಷ ಬರತ್ತೆ."

"ಅಂಕಲ್, ಅದು ತುಂಬಾ ಭಾರ. ಒಂದು ಬಾಣ ಬಿಡೋದ್ರೊಳಗೆ ರಾಕ್ಷಸ ಊಟ ಮುಗಿಸಿರ್ತಾನೆ," ಎಂದಿತು ಲ್ಯಾಪ್‌ಟಾಪು.

"ಊಟ ಅಂದ ಹಾಗೆ, ತಿಂಡಿ ಆಯ್ತಾ ಮಗು ನಿಂದು?" ತುಳಸಮ್ಮ ಪರದೆಗೆ ಬಾಗಿ ಕೇಳಿದರು.

"ಇನ್ನೂ ಇಲ್ಲ ಅಜ್ಜಿ."

"ಹನ್ನೊಂದೂಮುಕ್ಕಾಲು! ಹೊಟ್ಟೆ ಖಾಲಿ ಇಟ್ಕೊಂಡು ಯುದ್ಧಾನಾ? ಹೋಗಿ ಎರಡು ಬಾಳೆಹಣ್ಣಾದ್ರೂ ತಿನ್ನು."

ಕಶ್ಯಪ್ ವಿಧೇಯನಾಗಿ ಎದ್ದು ಹೋದ. ತುಳಸಮ್ಮ ಕನ್ನಡಕವಿಲ್ಲದ ಕಣ್ಣಿಂದ ಮೂರು ಬಿಲ್ಲನ್ನೂ ನೋಡಿದರು. ಹೋದ ತಿಂಗಳಷ್ಟೇ ಎರಡೂ ಕಣ್ಣಿನ ಪೊರೆ ತೆಗೆಸಿಕೊಂಡಿದ್ದರಿಂದ ಲೋಕವೆಲ್ಲ ಅವರಿಗೆ ಹೊಸದಾಗಿ ಕಾಣುತ್ತಿತ್ತು. ಆಮೇಲೆ ತೀರ್ಪು ಕೊಟ್ಟರು.

"ಮೂರೂ ಬೇಡ. ಬೇರೆ ತೋರ್ಸು ಅನ್ನು."

"ಹಾಗೆಲ್ಲ ಆಗಲ್ಲ ತುಳಸಮ್ಮನೋರೆ. ಇದು ಸೀರೆ ಅಂಗಡಿ ಅಲ್ಲ. ಇರೋದೇ ಮೂರು."

"ಯಾವ ಅಂಗಡೀಲೂ ಮೊದಲು ಕೆಳಗಿಳಿಸೋ ರಾಶೀಲಿ ಒಳ್ಳೇದಿರಲ್ಲ ಕಣೋ. ಅವನ ಮುಖ ನೋಡು. ನಗ್ತಾ ಇದಾನೆ. ಒಳಗೆ ಇಟ್ಕೊಂಡಿದಾನೆ."

ಪರದೆಯ ಕೆಳಗೆ ಎರಡೇ ಗುಂಡಿಗಳಿದ್ದವು: ಬೇಕು, ಬೇಡ. ಲಕ್ಷ್ಮೀಶ ನೀಲಿ ಬಿಲ್ಲಿನ ಮೇಲೆ ಮೌಸಿನ ಬಾಣದ ಗುರುತು ತಂದು ನಿಲ್ಲಿಸಿದ. ಗಾಬರಿಗೆ ಅವನ ಕಾಲು ಹೊಲಿಗೆ ಯಂತ್ರದ ಪೆಡಲನ್ನು ತುಳಿಯುತ್ತಲೇ ಇತ್ತು. ಚಕ್ರ ಗಿರ್ರೆಂದು ತಿರುಗಿ ಲ್ಯಾಪ್‌ಟಾಪು ನಡುಗುತ್ತಿತ್ತು. "ಕೊಂಬಿಂದು ಅಂತ ಹೇಳ್ತಿದೀನಲ್ಲ, ಇದು, ಇದು!" ಎಂದು ಚಂದ್ರಶೇಖರಯ್ಯ ಬಗ್ಗಿ ಬೆರಳಿಟ್ಟು ತೋರಿಸಿದರು. ಅದು ಮುಟ್ಟಿದರೆ ಕೆಲಸ ಮಾಡುವ ಪರದೆ. ಅವರ ಬೆರಳು ಹೋಗಿ ಕೂತದ್ದು 'ಬೇಡ'ದ ಮೇಲೆ.

ಮುದುಕ ನಗು ನಿಲ್ಲಿಸಿದ. ಬಿಲ್ಲುಗಳು ಮಾಯವಾದವು. ಲಕ್ಷ್ಮೀಶನ ಬಿಲ್ಲುಗಾರ ಆಯುಧಶಾಲೆಯ ಹೊರಗೆ ಬರಿಗೈಯಲ್ಲಿ ನಿಂತಿದ್ದ.

"ಮುಗೀತು," ಎಂದ ಲಕ್ಷ್ಮೀಶ.

ಬಾಳೆಹಣ್ಣು ತಿನ್ನುತ್ತಾ ಮರಳಿದ ಕಶ್ಯಪ್, "ಸರ್... ಏನ್ ಮಾಡಿದ್ರಿ ಸರ್?" ಎಂದ. "'ಬೇಡ' ಒತ್ತಿದ್ದು ನಾನಲ್ಲಪ್ಪ, ಚಂದ್ರಶೇಖರಯ್ಯನೋರು," ಎಂದ ಲಕ್ಷ್ಮೀಶ.

"ಯಾರೂ ಮಾತಾಡಬೇಡಿ," ಎಂದರು ತುಳಸಮ್ಮ. "ಲಕ್ಷ್ಮೀಶ, ನಿಧಾನಕ್ಕೆ ನಡ್ಕೊಂಡು ಹೋಗು. ತಿರುಗಿ ನೋಡ್ಬೇಡ. ಕರೀತಾನೆ."

ಬೇರೇನೂ ತೋಚದೆ ಲಕ್ಷ್ಮೀಶ ನಡೆಸಿದ. ಐದು ಹೆಜ್ಜೆ. ಹತ್ತು ಹೆಜ್ಜೆ. ಹದಿಮೂರನೆಯ ಹೆಜ್ಜೆಗೆ ಹಿಂದಿನಿಂದ ಬಾಗಿಲು ಕಿರುಗುಟ್ಟಿತು. "ನಿಲ್ಲು, ವೀರ!" ಎಂದ ಮುದುಕ, ಇಂಗ್ಲಿಷಿನಲ್ಲಿ. ಅವನ ಕೈಯಲ್ಲಿ ಬಟ್ಟೆ ಸುತ್ತಿದ ಇನ್ನೊಂದು ಬಿಲ್ಲಿತ್ತು. ಕಪ್ಪಗೆ, ಧೂಳು ಹಿಡಿದು, ಒಂದು ಮಣಿಯೂ ಇಲ್ಲದೆ ಬೋಳಾಗಿತ್ತು.

"ಅದನ್ನ ತಗೋ," ಎಂದರು ತುಳಸಮ್ಮ. "ಬಾಣ ಕೊಡುವಾಗ ಬುಡದ ಗರಿ ನೋಡ್ಕೋ. ಎರಡೂ ಕಡೆ ಸಮ ಇರ್ಬೇಕು."

ಲಕ್ಷ್ಮೀಶ 'ಬೇಕು' ಒತ್ತಿದಾಗ ಹನ್ನೆರಡಕ್ಕೆ ಎರಡೇ ನಿಮಿಷವಿತ್ತು. ಕಶ್ಯಪ್ ಬಾಳೆಹಣ್ಣಿನ ಕೊನೆಯ ತುತ್ತು ನುಂಗಿ, "ಸರ್, ಈ ಬಿಲ್ಲು ನಾನು ಯಾವ ಪಟ್ಟೀಲೂ ನೋಡಿಲ್ಲ," ಎಂದ. ಅದು ಮೆಚ್ಚುಗೆಯೋ ಚರಮಗೀತೆಯೋ ಲಕ್ಷ್ಮೀಶನಿಗೆ ತಿಳಿಯಲಿಲ್ಲ.

ನಾಲ್ಕು ಗಂಟೆಗೂ ಕೇಬಲ್ಲು ಸರಿಯಾಗಿರಲಿಲ್ಲ. ಯುದ್ಧವೂ ಹೊಲಿಗೆ ಯಂತ್ರದ ಮೇಲೆಯೇ ನಡೆಯಿತು. ತುಳಸಮ್ಮ ಆಂಬೊಡೆ ಕರಿದಿದ್ದರು. ಲಕ್ಷ್ಮೀಶನ ಮೊದಲ ಬಾಣ ಮರಕ್ಕೆ ತಾಗಿತು, ಎರಡನೆಯದು ಮೋಡಕ್ಕೆ, ಮೂರನೆಯದು ಕಶ್ಯಪನ ಬೆನ್ನಿಗೆ. "ಸರ್, ನಾನು ನಿಮ್ಮ ಕಡೆಯವನು!" ಎಂದು ಅವನು ಅರಚಿದ. ರಾಕ್ಷಸ ಕೂರಲು ಜಾಗ ನೋಡುತ್ತಿದ್ದ.

"ಹಾಗಾ ಕಣೋ ಗುರಿ ಇಡೋದು? ಕೊಡು ಇಲ್ಲಿ," ಎಂದು ತುಳಸಮ್ಮ ಕೈಯನ್ನು ಸೆರಗಿಗೆ ಒರೆಸಿಕೊಂಡರು. ಒಂದು ಕಣ್ಣು ಮುಚ್ಚಿ, ಸೂಜಿಗೆ ದಾರ ಪೋಣಿಸುವವರಂತೆ ತುಟಿ ಬಿಗಿಹಿಡಿದು, ಗುಂಡಿ ಒತ್ತಿದರು. ಕಪ್ಪು ಬಿಲ್ಲು ಒಂದೇ ಸಲ ಝೇಂಕರಿಸಿತು. ರಾಕ್ಷಸ ಎದೆ ಹಿಡಿದುಕೊಂಡು, ಕುಕ್ಕರಿನ ಸೀಟಿ ಎತ್ತಿದ ಹಾಗೆ ಬುಸ್ಸೆಂದು ಕರಗಿಹೋದ.

"ಎಣ್ಣೆ ಕಾದಿದೆ," ಎಂದು ಅವರು ಒಳಗೆ ಹೋದರು.

ಕಶ್ಯಪನ ಮನೆಯಲ್ಲಿ ಮೂರು ಜನ ಕೂಗಾಡುವುದು ಕೇಳಿಸಿತು. ಕೂಗಾಟ ನಿಂತ ಮೇಲೆ ಅವನು ಗಂಟಲು ಸರಿಮಾಡಿಕೊಂಡ. "ಸರ್, ತಪ್ಪು ತಿಳ್ಕೋಬೇಡಿ. ಬಿಲ್ಲು ಆರಿಸಿದ್ದು ಅಜ್ಜಿ, ಗುರಿ ಹೊಡೆದಿದ್ದೂ ಅಜ್ಜಿ. ತಂಡದಲ್ಲಿ ನಾಲ್ಕೇ ಜಾಗ. ನೀವೇ ದೊಡ್ಡ ಮನಸ್ಸು ಮಾಡಿ ಬಿಟ್ಕೊಟ್ರೆ..."

ಲಕ್ಷ್ಮೀಶ ಅಡುಗೆಮನೆಯ ಕಡೆ ನೋಡಿದ. ತನಗೆಂದೇ ಕರಿಬೇವು ಹೆಚ್ಚಾಗಿ ಹಾಕಿದ ಆಂಬೊಡೆ ತಟ್ಟೆಯಲ್ಲಿತ್ತು. ಇಂಥವರ ಜೊತೆ ಜಾಗಕ್ಕಾಗಿ ಜಗಳವಾಡುವುದು ಹೇಗೆ? ಕಣ್ಣು ಮುಚ್ಚಿ 'ತಂಡ ಬಿಡುವೆ' ಎಂಬ ಗುಂಡಿ ಒತ್ತಿದ. ಕಶ್ಯಪ್ ಭಾವುಕನಾಗಿ ಚಪ್ಪಾಳೆ ತಟ್ಟಿದ. ಚಂದ್ರಶೇಖರಯ್ಯ ಬೆನ್ನು ತಟ್ಟಿದರು. ತುಳಸಮ್ಮನವರನ್ನು ಒಂದು ಮಾತು ಕೇಳಬೇಕೆಂದು ಯಾರಿಗೂ ಹೊಳೆಯಲಿಲ್ಲ.

ಅವರು ಜಾಲರಿ ಸೌಟು ಹಿಡಿದು ಹೊರಗೆ ಬಂದರು. "ಯಾರು, ನಾನಾ? ಭಾನುವಾರ ನಂಗೆಲ್ಲಪ್ಪ ಪುರುಸೊತ್ತು? ಬೆಳಿಗ್ಗೆ ಯೋಗ, ಮಧ್ಯಾಹ್ನ ಸಂಗೀತ, ಸಂಜೆ ಹೊಲಿಗೆ ಕ್ಲಾಸು. ಇವತ್ತು ಸಂಗೀತದ ಟೀಚರಿಗೆ ಹುಷಾರಿಲ್ಲ ಅಂತ ಮನೇಲಿದೀನಿ. ಆ ಮುದುಕನ ಕೈಲಿ ಒಳಗಿಂದು ತೆಗೆಸಿದ್ನಲ್ಲ, ಅಷ್ಟು ಸಾಕು. ನಿಮ್ಮ ಲಕ್ಷ್ಮೀಶನೇ ಆಡ್ಲಿ."

"ಆಡ್ತೀನಿ, ನಾನೇ ಆಡ್ತೀನಿ!" ಎಂದು ಲಕ್ಷ್ಮೀಶ ಕೀಲಿಮಣೆಯ ಮೇಲೆ ಬಿದ್ದ.

"ಆಗಲ್ಲ ಸರ್," ಎಂದ ಕಶ್ಯಪ್, ನಿಜವಾಗಿಯೂ ನೊಂದು. "ಒಂದ್ ಸಲ ಬಿಟ್ಟವರು ಮೂರು ತಿಂಗಳು ವಾಪಸ್ ಬರೋ ಹಾಗಿಲ್ಲ. ಹೊಸಬರನ್ನೇ ತಗೋಬೇಕು."

ಚಂದ್ರಶೇಖರಯ್ಯ ಕೆಮ್ಮಿದರು.

"ಅಂದ್ರೆ, ಜಾಗ ಖಾಲಿ ಇದೆ ಅಂತಾಯ್ತು."

"ಅಂಕಲ್," ಎಂದಿತು ಲ್ಯಾಪ್‌ಟಾಪು, ಒಂದಿಷ್ಟು ಯೋಚಿಸಿ, "ಆ 'ಬೇಡ' ಒತ್ತಿದ್ದು ನೀವೇ ಅಲ್ವಾ?"

"ನಾನೇ ಕಣಪ್ಪ. ಬೇಕೂಂತ್ಲೇ ಒತ್ತಿದ್ದು."

"ಏನ್ ಧೈರ್ಯ ಅಂಕಲ್ ನಿಮ್ದು! ಬಂದ್ಬಿಡಿ."

ತುಳಸಮ್ಮ ಇನ್ನೆರಡು ಆಂಬೊಡೆಗಳನ್ನು ಲಕ್ಷ್ಮೀಶನ ತಟ್ಟೆಗೆ ಹಾಕಿದರು. ಚಂದ್ರಶೇಖರಯ್ಯ ಅಂಗಿಯ ತೋಳು ಮಡಿಸಿಕೊಂಡು ಅವನ ಕುರ್ಚಿಯ ಬೆನ್ನಿಗೆ ಕೈಯಿಟ್ಟರು.

"ಒಂಚೂರು ಆ ಕಡೆ ಸರ್ಕೊಳ್ಳಯ್ಯ ಲಕ್ಷ್ಮೀಶ. ಲ್ಯಾಪ್‌ಟಾಪು ನಿಂದೇ ಇರ್ಲಿ, ಭಾನುವಾರ ಮಾತ್ರ ನಂಗೆ ತಂದ್ಕೊಡು. ಈಗ ಹೇಳು, ಬಾಣ ಬಿಡೋದು ಯಾವ ಗುಂಡಿ?"