ಅಮ್ಮನ ನಾಡಿ, ಮಗಳ ರೆಕಾರ್ಡು

ಆಯಾಸ ಎನ್ನುವುದು ಮದುವೆಯಲ್ಲಿ ತಾಳಿಯ ಜೊತೆಗೇ ಬರುವ ಒಡವೆ, ಅದನ್ನು ಕಳಚಿಡುವಂತಿಲ್ಲ ಎಂದು ಬಲವಾಗಿ ನಂಬಿದ್ದವಳು ನಾನು. ಮಂಡ್ಯದಲ್ಲಿ ಮನೆ, ಮದ್ದೂರಿನಲ್ಲಿ ಕಚೇರಿ. ಬೆಳಿಗ್ಗೆ ಅಡುಗೆ ಮುಗಿಸಿ ರೈಲು ಹಿಡಿಯುವಷ್ಟರಲ್ಲಿ ಏದುಸಿರು. ಸ್ಟೇಷನ್ನಿನ ಮೇಲ್ಸೇತುವೆ ಹತ್ತಿದರೆ ಕಣ್ಣಿಗೆ ಕತ್ತಲೆ. ಪಕ್ಕದಲ್ಲಿ ಹತ್ತುವವರೂ ಉಸ್ಸಪ್ಪ ಎನ್ನುತ್ತಿದ್ದುದರಿಂದ ನನ್ನದೇನೂ ವಿಶೇಷವಲ್ಲ ಎಂದುಕೊಂಡಿದ್ದೆ. ಕಚೇರಿಯಲ್ಲಿ ಯಾರಾದರೂ "ಏನ್ ಮೇಡಂ, ಬಿಳುಚ್ಕೊಂಡಿದೀರಲ್ಲ?" ಎಂದರೆ, ಬೆಳ್ಳಗಾಗಿದ್ದೀರಿ ಎಂದು ಹೊಗಳುತ್ತಿದ್ದಾರೆಂದೇ ಒಳಗೊಳಗೆ ಹಿಗ್ಗಿ, ಆ ಕೀರ್ತಿಯನ್ನು ನಾನು ಮುಖಕ್ಕೆ ಹಚ್ಚುವ ಕಡಲೆಹಿಟ್ಟಿಗೆ ಸಲ್ಲಿಸಿದ್ದೂ ಉಂಟು.

ಹೀಗಿರುವಾಗ ಒಂದು ಭಾನುವಾರ ಒಂಬತ್ತನೇ ತರಗತಿಯ ನನ್ನ ಮಗಳು ಸಿಂಚನಾ ಗಡಿಯಾರ ಹಿಡಿದು ನಡುಮನೆಯಲ್ಲಿ ನಿಂತಳು. ಸುಮ್ಮನೆ ಕೂತಾಗ ನಾಡಿ ಎಷ್ಟು ಬಡಿಯುತ್ತದೆ, ಮೆಟ್ಟಿಲು ಹತ್ತಿ ಇಳಿದ ಮೇಲೆ ಎಷ್ಟು ಬಡಿಯುತ್ತದೆ ಎಂದು ಮನೆಯವರನ್ನೆಲ್ಲ ಪರೀಕ್ಷಿಸಿ ಜೀವಶಾಸ್ತ್ರದ ರೆಕಾರ್ಡ್ ಪುಸ್ತಕದಲ್ಲಿ ಬರೆಯಬೇಕಂತೆ. ಬೇಕಾಗುವ ಸಾಮಗ್ರಿಗಳು ಎನ್ನುವ ತಲೆಬರಹದ ಕೆಳಗೆ ಆಗಲೇ ಚೆಂದದ ಅಕ್ಷರದಲ್ಲಿ ಬರೆದಿದ್ದಳು: "ಗಡಿಯಾರ, ಅಪ್ಪ, ಅಮ್ಮ, ಅಜ್ಜಿ." ಮನೆಯಲ್ಲಿ ನನ್ನ ಸ್ಥಾನಮಾನ ಏನೆಂದು ಅಷ್ಟು ನಿಖರವಾಗಿ ಅದುವರೆಗೆ ಯಾರೂ ಹೇಳಿರಲಿಲ್ಲ.

ಮೊದಲ ಸಾಮಗ್ರಿ ನಮ್ಮ ಯಜಮಾನರು. ಮಹಡಿ ಹತ್ತಿದವರು ಅಲ್ಲೇ ಫೋನಿನಲ್ಲಿ ಮಾತಿಗೆ ನಿಂತು, ಇಳಿದು ಬರುವಷ್ಟರಲ್ಲಿ ನಾಡಿ ನಿದ್ದೆಗೆ ಜಾರಿತ್ತು. ಎರಡನೆಯದು ಕೆರಗೋಡಿನ ಗದ್ದೆ ಬದುವಿನಲ್ಲಿ ಆಯುಷ್ಯವೆಲ್ಲ ಓಡಾಡಿದ ನಮ್ಮ ಅತ್ತೆ. ಅವರು ಮೆಟ್ಟಿಲು ಹತ್ತಿ ಇಳಿದು ಬಂದು, "ಇಷ್ಟೇ ಏನವ್ವ ಮಗ? ಇನ್ನೊಂದು ಸಾರಿ ಅತ್ಲಾ?" ಎಂದರು. ನಾಡಿ ಕದಲಿರಲಿಲ್ಲ. ಮೂರನೆಯವಳು ನಾನು. ಕುರ್ಚಿಯಲ್ಲಿ ಮಹಾರಾಣಿಯ ಹಾಗೆ ಕೂತು ಕೈ ಚಾಚಿದೆ. ಮಗಳು ಎಣಿಸಿದಳು. ಮತ್ತೆ ಎಣಿಸಿದಳು.

"ಅಮ್ಮಾ, ನೀನು ಈಗ ತಾನೆ ಓಡಿ ಬಂದ್ಯಾ?"

"ಕುರ್ಚಿಯಿಂದ ಎದ್ದಿಲ್ಲ ಕಣೇ."

ಅವಳು ಹಗ್ಗದಾಟ ಆಡಿ ಮುಗಿಸಿದಾಗ ಎಷ್ಟು ಬಡಿಯುತ್ತಿತ್ತೋ, ನನ್ನದು ಕೂತಲ್ಲೇ ಅದಕ್ಕಿಂತ ಜೋರಾಗಿ ಬಡಿಯುತ್ತಿತ್ತಂತೆ. ನನಗೆ ಬಂದ ಚಿಂತೆ ಒಂದೇ: ಇವಳ ಮಾರ್ಕ್ಸ್ ಹೋಯಿತು! "ಲೇ, ಎಣಿಕೆ ತಪ್ಪಿದೆ. ಅಪ್ಪನದಕ್ಕಿಂತ ಒಂಚೂರು ಜಾಸ್ತಿ ಹಾಕಿ ಬರ್ಕೋ, ನೋಡೋಕೂ ಚೆನ್ನಾಗಿರ್ತದೆ" ಎಂದು ಸಲಹೆ ಕೊಟ್ಟೆ. ಹಗಲೆಲ್ಲ ಕಚೇರಿಯಲ್ಲಿ ಅಂಕಿಅಂಶ ಹೊಂದಿಸುವವಳಿಗೆ ಇದೇನು ದೊಡ್ಡ ಕೆಲಸ? ಮಗಳು ಒಪ್ಪಲಿಲ್ಲ. "ಕಂಡಿದ್ದನ್ನೇ ಬರೀಬೇಕು ಅಂತ ಮೇಡಂ ಹೇಳಿದಾರೆ" ಎಂದು ಬರೆದೇಬಿಟ್ಟಳು. ಕೊನೆಗೆ ತೀರ್ಮಾನದ ಜಾಗದಲ್ಲಿ, "ಅಮ್ಮ ಕೂತಾಗಲೂ ಅವರ ಹೃದಯ ಮೆಟ್ಟಿಲು ಹತ್ತುತ್ತಲೇ ಇದೆ" ಎಂದು ಸೇರಿಸಿದಳು.

ಮರುದಿನ ಸಂಜೆ ಅವಳ ವಿಜ್ಞಾನದ ವನಜಾಕ್ಷಿ ಮೇಡಂ ಫೋನ್ ಮಾಡಿದರು. "ತಪ್ಪು ತಿಳ್ಕೋಬೇಡಿ, ಒಂದ್ಸಲ ರಕ್ತ ಪರೀಕ್ಷೆ ಮಾಡಿಸಿ" ಎಂದರು. ನಾನು ತಪ್ಪೇ ತಿಳಿದುಕೊಂಡೆ. ಪುಸ್ತಕ ತಿದ್ದಲು ಕೊಟ್ಟರೆ ಅಮ್ಮನನ್ನೇ ತಿದ್ದಲು ಹೊರಟರಲ್ಲ ಎಂದು ಹಿಟ್ಟಿನ ಕೋಲು ಹಿಡಿದು ಗೊಣಗುತ್ತಿದ್ದಾಗ ಅತ್ತೆ ಅದನ್ನು ನನ್ನ ಕೈಯಿಂದ ಕಿತ್ತುಕೊಂಡರು.

"ಅಸ ಕೆಮ್ಮುದ್ರೆ ಡಾಕುಟ್ರುನ ಕರುಸ್ತೀವಿ. ನೀನೇನು ಅಸುಗಿಂತ ಕಡೆಯೇನವ್ವ? ಓಗು, ತೋರ್ಸ್ಕೊಂಡು ಬಾ. ಮುದ್ದೆ ನಾನು ತಿರುವ್ತೀನಿ ಬುಡು."

ಹೋದೆ. ರಕ್ತದ ವರದಿ ನೋಡಿದ ಡಾಕ್ಟರಮ್ಮ ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ಇಷ್ಟು ಕಡಿಮೆ ರಕ್ತ ಇಟ್ಕೊಂಡು ದಿನಾ ರೈಲು ಹಿಡೀತಿದ್ರಾ?" ತಿಂಗಳು ತಿಂಗಳೂ ರಕ್ತ ವಿಪರೀತ ಹೋಗುತ್ತಿದ್ದುದನ್ನು ನಾನು ವಯಸ್ಸಿನ ಲೆಕ್ಕಕ್ಕೆ ಬರೆದು ಸುಮ್ಮನಿದ್ದೆ. ಇನ್ನಷ್ಟು ದಿನ ಬಿಟ್ಟಿದ್ದರೆ ಹೃದಯಕ್ಕೇ ಪೆಟ್ಟು ಬೀಳುತ್ತಿತ್ತು ಎಂದಾಗ ಪಕ್ಕದಲ್ಲಿದ್ದ ಯಜಮಾನರ ಮುಖ ನನ್ನದಕ್ಕಿಂತ ಬಿಳುಚಿಕೊಂಡಿತು. ಮನೆಗೆ ಬಂದವರೇ ಪಾತ್ರೆ ತೊಳೆಯಲು ನಿಂತರು. ಅಂದಿನಿಂದ ಆ ಕೆಲಸ ಅವರದೇ. ಎರಡು ಲೋಟ ಒಡೆದವು, ನಾನು ಸ್ಟೀಲಿನವು ತಂದಿಟ್ಟೆ.

ಇಂಜೆಕ್ಷನ್ನು, ಮಾತ್ರೆ, ಅತ್ತೆ ಕಾವಲು ಕೂತು ತಿನ್ನಿಸಿದ ಸೊಪ್ಪು ಎಲ್ಲ ಸೇರಿ ನನ್ನನ್ನು ಮೊದಲಿನಂತೆ ಮಾಡಿದವು. ಗುಣವಾದ ಮೇಲೆ ವನಜಾಕ್ಷಿ ಮೇಡಂಗೆ ಕೃತಜ್ಞತೆ ಹೇಳಲು ಶಾಲೆಗೆ ಹೋದೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಅವರನ್ನು ಕಂಡದ್ದೇ ತಡ, ಕಣ್ಣಲ್ಲಿ ನೀರು ಬಂತು. ಅವರು ಗಾಬರಿಯಾಗಿ, "ರೆಕಾರ್ಡಿಗೆ ಒಂದು ಮಾರ್ಕ್ಸ್ ಕಮ್ಮಿ ಕೊಟ್ಟೆ ಅಂತ ಬೇಜಾರಾಯ್ತಾ?" ಎಂದರು. ನಾನು ಅಳುತ್ತಲೇ ನಗತೊಡಗಿದೆ. ಅವರ ಕೈ ಹಿಡಿದು, ಜೋಡಿಸಿಟ್ಟ ಮಾತೆಲ್ಲ ಬಿಟ್ಟು, "ನೀವು ಫೋನ್ ಮಾಡಿದ್ದಕ್ಕೆ ಬದುಕಿದೆ ತಾಯಿ" ಎಂದಷ್ಟೇ ಹೇಳಿದೆ. "ನಂದೇನಿದೆ, ನಿಮ್ಮ ಮಗಳು ಕಂಡಿದ್ದನ್ನ ಬರೆದ್ಲು" ಎಂದರು ಆ ಪುಣ್ಯಾತ್ಗಿತ್ತಿ.

ಹೃದಯ ತುಂಬಿಕೊಂಡು ಬಾಗಿಲವರೆಗೆ ಬಂದೆ. ಹಾಗೇ ಹೋಗಬಹುದಿತ್ತು. ಆದರೆ ರಕ್ತ ಹೆಚ್ಚಿದರೆ ಬುದ್ಧಿಯೂ ಹೆಚ್ಚಬೇಕೆಂದೇನಿದೆ? ತಿರುಗಿ ನಿಂತು ಕೇಳಿಯೇಬಿಟ್ಟೆ: "ಅಂದ ಹಾಗೆ ಮೇಡಂ, ಒಂದು ಮಾರ್ಕ್ಸ್ ಯಾಕೆ ಹೋಯ್ತು?"

"ಹೃದಯದ ಚಿತ್ರ ಬರೆದಿಲ್ಲ" ಎಂದರು.

ಮನೆಗೆ ಬಂದು ಚಪ್ಪಲಿ ಬಿಟ್ಟವಳೇ ಮಗಳ ಪೆನ್ಸಿಲ್ ಹುಡುಕಿ ಚೂಪು ಮಾಡಲು ಕೂತೆ.